ಚಿಕ್ಕದನ್ನು ತಡೆದು ದೊಡ್ಡದನ್ನು ಬಿಡುವ ಬಾಗಿಲು

ಸಾಂಗಲಿ ಜಿಲ್ಲೆಯ ಕಬ್ಬಿನ ಹಸಿರು ಪಶ್ಚಿಮದ ಕೃಷ್ಣಾ ದಂಡೆಯಲ್ಲೇ ಮುಗಿದುಹೋಗುತ್ತದೆ. ಪೂರ್ವಕ್ಕೆ ಸರಿದು ಜತ್ತ ತಾಲ್ಲೂಕಿಗೆ ಬಂದರೆ ಮಡ್ಡಿ ನೆಲ, ಹಿಂಗಾರಿ ಜೋಳ, ಮಾಡಗ್ಯಾಳದ ಕುರಿ. ಒಂದು ಮಗ್ಗುಲಿಗೆ ವಿಜಯಪುರ, ಇನ್ನೊಂದು ಮಗ್ಗುಲಿಗೆ ಅಥಣಿ. ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಒಡ್ಡಿನ ಕಲ್ಲು, ಕಣಕಿಯ ಬಣವಿ, ಕುಳ್ಳಿನ ರಾಶಿ, ಹಳೆಯ ಮಣ್ಣುಗೋಡೆಯ ಬಿರುಕು: ದಖ್ಖನಿನ ಇಂಥ ಒಣನೆಲದಲ್ಲಿ ಕೆಂಪು ಚೇಳಿಗೆ ಅಡಗಲು ಜಾಗಕ್ಕೇನೂ ಕೊರತೆಯಿಲ್ಲ. ಇದು ಕರಿಚೇಳಿಗಿಂತ ಗಾತ್ರದಲ್ಲಿ ಚಿಕ್ಕದು, ವಿಷದಲ್ಲಿ ಬಹಳ ದೊಡ್ಡದು. ಈ ಸೀಮೆಯವರಿಗೆ ಚೇಳಿನ ನೋವು ಎಷ್ಟು ಪರಿಚಿತ ಎಂದರೆ, ಸಂತ ಏಕನಾಥರು ಕಾಮಕ್ರೋಧಗಳ ಕಾಟವನ್ನು ಜನರಿಗೆ ತಿಳಿಸಲು ಚೇಳು ಕಡಿದವನ ಒದ್ದಾಟವನ್ನೇ ಭಾರೂಡವೆಂಬ ಹಾಡಾಗಿ ಕಟ್ಟಿದರು.

ಕೆಂಪು ಚೇಳು ಕಡಿದರೆ ಉರಿ ಕಡಿದ ಜಾಗದಲ್ಲಿ ನಿಲ್ಲುವುದಿಲ್ಲ. ವಾಂತಿ ಬರುತ್ತದೆ, ಮೈಯೆಲ್ಲ ಬೆವರುತ್ತದೆ, ಕೈಕಾಲು ತಣ್ಣಗಾಗುತ್ತವೆ. ರಕ್ತದೊತ್ತಡ ಏರುತ್ತದೆ. ವಿಷ ಬಲವಾಗಿದ್ದರೆ ಹೃದಯ ಸೋತು ಪುಪ್ಪುಸದಲ್ಲಿ ನೀರು ತುಂಬುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ರಾಯಗಡ ಜಿಲ್ಲೆಯ ಮಹಾಡದ ಬಳಿಯ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಬಂದ ಯುವ ವೈದ್ಯ ಹಿಮ್ಮತರಾವ್ ಬಾವಸ್ಕರ್ ಇಂಥ ಸಾವುಗಳನ್ನು ಕಣ್ಣಾರೆ ಕಂಡರು. ರೋಗಿಯ ಮಗ್ಗುಲಲ್ಲೇ ರಾತ್ರಿಯಿಡೀ ಕೂತು ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟರು. 1982ರಲ್ಲಿ ಅವರ ಅವಲೋಕನ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 1986ರಲ್ಲಿ ಪತ್ನಿ ಡಾ. ಪ್ರಮೋದಿನಿ ಅವರೊಂದಿಗೆ ಅದೇ ಪತ್ರಿಕೆಯಲ್ಲಿ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಸಾಮಾನ್ಯ ಮಾತ್ರೆಯ ಪರಿಣಾಮವನ್ನು ಪ್ರಕಟಿಸಿದರು. ವಿಷ ತೀವ್ರವಾಗಿ ಏರಿದವರಲ್ಲಿ ನೂರಕ್ಕೆ 30ರವರೆಗೂ ಇದ್ದ ಸಾವು ಒಂದೆರಡಕ್ಕೆ ಇಳಿಯಿತು. ಮುಂದೆ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಪ್ರತಿವಿಷವೂ ಪ್ರಾಜೋಸಿನ್ ಜೊತೆ ಸೇರಿತು. ಎರಡನ್ನೂ ಕೊಟ್ಟಾಗ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾನೆಂದು 2011ರ ಅಧ್ಯಯನ ತೋರಿಸಿತು. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಂದಿತು. ಚೇಳು ಕಡಿದಾಗ ಮಂತ್ರ, ಬೇರು, ಗಾಯ ಕೊಯ್ಯುವುದು ಎಂದು ಮೊದಲ ಗಂಟೆಗಳನ್ನು ಕಳೆಯಬಾರದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು ಎಂಬುದು ಅವರ ಅರ್ಧ ಶತಮಾನದ ದುಡಿಮೆಯ ತಿರುಳು.

ಬಾವಸ್ಕರ್ ಜೀವ ಉಳಿಸಿದ್ದು ರಕ್ತನಾಳ, ಹೃದಯಗಳ ಮಟ್ಟದಲ್ಲಿ. ವಿಷದ ಮೊದಲ ಪೆಟ್ಟು ಬೀಳುವುದು ಅದಕ್ಕಿಂತ ಬಹಳ ಕೆಳಗೆ, ನರಕೋಶದ ಪೊರೆಯಲ್ಲಿ ಕೂತ ಪ್ರೋಟೀನ್ ಬಾಗಿಲುಗಳ ಮೇಲೆ. ಅಯಾನ್ ಚಾನೆಲ್‌ಗಳೆಂದು ಅವಕ್ಕೆ ಹೆಸರು. ನರದಲ್ಲಿ ಸುದ್ದಿ ಓಡುವಾಗ ಸೋಡಿಯಂ ಬಾಗಿಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ತೆರೆದು ತಾನೇ ಮುಚ್ಚಿಕೊಳ್ಳಬೇಕು. ಚೇಳಿನ ವಿಷದ ಒಂದು ಬಗೆಯ ಪ್ರೋಟೀನ್ ಅದನ್ನು ಮುಚ್ಚಲು ಬಿಡುವುದಿಲ್ಲ. ನರ ಸುಮ್ಮನಾಗದೆ ಮತ್ತೆ ಮತ್ತೆ ಸಿಡಿಯುತ್ತದೆ, ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ, ಹೃದಯ ಹುಚ್ಚೆದ್ದು ಬಡಿಯುತ್ತದೆ. ಅದೇ ವಿಷದ ಇನ್ನೊಂದು ಬಗೆಯ ಪ್ರೋಟೀನ್ ಪೊಟ್ಯಾಸಿಯಂ ಬಾಗಿಲಿನ ಬಾಯಿಗೆ ಬಿರಡೆಯಂತೆ ಕೂರುತ್ತದೆ. ಈ ಬಾಗಿಲುಗಳು ಸೋಡಿಯಂ ಯಾವುದು, ಪೊಟ್ಯಾಸಿಯಂ ಯಾವುದು ಎಂದು ಹೇಗೆ ಗುರುತಿಸುತ್ತವೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಸುಮಾರು ಅರ್ಧ ಶತಮಾನ ಕಾಡಿತು. ಅದರ ಉತ್ತರದ ದಾರಿ ತೋರಿದ್ದರಲ್ಲಿ ಚೇಳಿನ ವಿಷದ ಪಾಲು ಬಹಳ ದೊಡ್ಡದು.

ಕಥೆಯ ಮೊದಲ ತುದಿ ಲಂಡನ್ನಿನ ಒಂದು ನಲ್ಲಿಯಲ್ಲಿದೆ. ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು ಅದು ಎಷ್ಟು ಹೊತ್ತು ಬಡಿಯುತ್ತದೆಂದು ನೋಡುತ್ತಿದ್ದ. ಹೃದಯ ಗಂಟೆಗಟ್ಟಲೆ ಬಡಿಯುತ್ತಿತ್ತು. 1882ರಲ್ಲಿ ಆ ಫಲಿತಾಂಶ ಪ್ರಕಟವೂ ಆಯಿತು. ಆಮೇಲೆ ತಿಳಿದದ್ದು, ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನ್ಯೂ ರಿವರ್ ವಾಟರ್ ಕಂಪನಿಯ ನಲ್ಲಿ ನೀರನ್ನು ಬಳಸಿದ್ದ ಎಂದು. ಶುದ್ಧ ನೀರಿನಲ್ಲಿ ಮಾಡಿದ ಉಪ್ಪುದ್ರಾವಣದಲ್ಲಿ ಹೃದಯ ಬೇಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸಿತ್ತು. 1883ರಲ್ಲಿ ರಿಂಗರ್ ತನ್ನ ತೀರ್ಮಾನವನ್ನು ತಿದ್ದಿ ಬರೆದ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರೂ ಧನ ವಿದ್ಯುದಂಶ ಹೊತ್ತ ಅಯಾನ್‌ಗಳೇ ಆದರೂ ಜೀವಕ್ಕೆ ಒಂದರ ಕೆಲಸ ಇನ್ನೊಂದರಿಂದ ನಡೆಯುವುದಿಲ್ಲ ಎಂಬುದು ಅಲ್ಲಿ ಮೊದಲು ಸ್ಪಷ್ಟವಾಯಿತು.

ನಮ್ಮ ಮೈಯ ಪ್ರತಿ ಜೀವಕೋಶ ಈ ಭೇದವನ್ನು ಹಗಲಿರುಳು ಕಾಯುತ್ತದೆ. ಕೋಶದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಹೊರಗೇ ಹೆಚ್ಚು, ಸುಮಾರು 10 ಪಟ್ಟು. ಈ ಏರುಪೇರೇ ನರದ ವಿದ್ಯುತ್ತಿನ ಬಂಡವಾಳ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರೂ ಹಕ್ಸ್ಲಿ 1939ರ ಬೇಸಿಗೆಯಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನೊಳಗೆ ತಂತಿ ತೂರಿಸಿ ಆ ವಿದ್ಯುತ್ತನ್ನು ನೇರವಾಗಿ ಅಳೆದರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯಿತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಕೂತು 1952ರಲ್ಲಿ ಸರಣಿ ಲೇಖನಗಳನ್ನು ಪ್ರಕಟಿಸಿದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಹಕ್ಸ್ಲಿ ಕೈಯಿಂದ ತಿರುಗಿಸುವ ಬ್ರುನ್ಸ್‌ವಿಗಾ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಮಾಡಿದರು. ಮೊದಲು ಸೋಡಿಯಂ ಒಳನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಬೀಳುತ್ತದೆ, ಎರಡಕ್ಕೂ ದಾರಿ ಬೇರೆ ಬೇರೆ ಎಂಬುದು ಆ ಲೆಕ್ಕದ ಸಾರ. ದಾರಿ ಯಾವುದರಿಂದ ಆಗಿದೆ ಎಂದು ಅವರು ಹೇಳಲಿಲ್ಲ, ಆಗ ಹೇಳಲು ಸಾಧ್ಯವೂ ಇರಲಿಲ್ಲ. 1955ರಲ್ಲಿ ಹಾಜ್ಕಿನ್ ಮತ್ತು ರಿಚರ್ಡ್ ಕೀನ್ಸ್ ಇನ್ನೊಂದು ಸುಳಿವು ಕೊಟ್ಟರು: ಪೊಟ್ಯಾಸಿಯಂ ಅಯಾನ್‌ಗಳು ಪೊರೆಯನ್ನು ದಾಟುವುದು ಸಾಲಾಗಿ, ಒಂದರ ಹಿಂದೆ ಒಂದರಂತೆ.

ಇಲ್ಲಿಂದ ಮುಂದೆ ಒಗಟು ಬಿಗಿಯಾಯಿತು. ಜೋಳ ಜರಡಿ ಹಿಡಿಯುವಾಗ ಸಣ್ಣ ನುಚ್ಚು ಕೆಳಗೆ ಬೀಳುತ್ತದೆ, ದಪ್ಪ ಕಾಳು ಮೇಲೆ ಉಳಿಯುತ್ತದೆ. ದಪ್ಪ ಕಾಳನ್ನು ಬಿಟ್ಟು ಸಣ್ಣದನ್ನು ತಡೆಯುವ ಜರಡಿ ಯಾರೂ ಕಂಡಿಲ್ಲ. ಸೋಡಿಯಂ ಅಯಾನಿನ ತ್ರಿಜ್ಯ 0.95 ಆಂಗ್‌ಸ್ಟ್ರಾಮ್, ಪೊಟ್ಯಾಸಿಯಂನದು 1.33. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯ ಒಂದು ಪಾಲು. ಪೊಟ್ಯಾಸಿಯಂ ಹಾಯುವ ದಾರಿಯಲ್ಲಿ ಅದಕ್ಕಿಂತ ಚಿಕ್ಕದಾದ ಸೋಡಿಯಂ ಸಲೀಸಾಗಿ ಹೋಗಬೇಕಿತ್ತು. ಹೋಗುವುದಿಲ್ಲ. ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಒಂದು ಸೋಡಿಯಂ ನುಸುಳುವುದೂ ಕಷ್ಟ. ಇಷ್ಟು ಕಟ್ಟುನಿಟ್ಟಾಗಿ ಆರಿಸುವ ಬಾಗಿಲು ನಿಧಾನವಾಗಿಯಾದರೂ ಇರಬೇಕಲ್ಲ ಎಂದರೆ ಅದೂ ಅಲ್ಲ. ಜರ್ಮನಿಯಲ್ಲಿ ಎರ್ವಿನ್ ನೇಹರ್ ಮತ್ತು ಬೆರ್ಟ್ ಸಾಕ್ಮನ್ 1976ರಲ್ಲಿ ಗಾಜಿನ ಸೂಕ್ಷ್ಮ ನಳಿಕೆಯನ್ನು ಕಪ್ಪೆಯ ಸ್ನಾಯುವಿನ ಮೇಲಿಟ್ಟು ಒಂದೇ ಒಂದು ಚಾನೆಲ್ ತೆರೆದು ಮುಚ್ಚುವುದನ್ನು ಮೊದಲ ಬಾರಿಗೆ ದಾಖಲಿಸಿದರು. ಈ ವಿಧಾನದಿಂದ ಅಳೆದಾಗ ವೇಗದಲ್ಲಿ ಮುಂದಿರುವ ಪೊಟ್ಯಾಸಿಯಂ ಚಾನೆಲ್ ಒಂದರೊಳಗೆ ಸೆಕೆಂಡಿಗೆ ಹತ್ತು ಕೋಟಿಯಷ್ಟು ಅಯಾನ್‌ಗಳು ಹಾಯಬಲ್ಲವು ಎಂದು ಕಂಡಿತು. ಅಷ್ಟು ವೇಗ, ಅಷ್ಟು ನಿಖರತೆ, ಎರಡೂ ಒಂದೇ ಕಡೆ ಹೇಗೆ?

ಉತ್ತರದ ಬೀಜ ನೀರಿನಲ್ಲಿತ್ತು. ಅಯಾನ್ ನೀರಿನಲ್ಲಿ ಬರಿಮೈಯಲ್ಲಿ ಇರುವುದಿಲ್ಲ. ನೀರಿನ ಅಣುಗಳು ತಮ್ಮ ಆಮ್ಲಜನಕದ ತುದಿಯನ್ನು ಅದರತ್ತ ತಿರುಗಿಸಿ ಸುತ್ತುವರಿದಿರುತ್ತವೆ. ಇಕ್ಕಟ್ಟಾದ ದಾರಿಗೆ ನುಗ್ಗಬೇಕಾದರೆ ಆ ನೀರನ್ನು ಬಿಡಬೇಕು, ಬಿಡಲು ಶಕ್ತಿ ವ್ಯಯವಾಗುತ್ತದೆ. ಸೋಡಿಯಂ ಚಿಕ್ಕದಾದ್ದರಿಂದ ನೀರನ್ನು ಹೆಚ್ಚು ಗಟ್ಟಿಯಾಗಿ ಹಿಡಿದಿರುತ್ತದೆ. ಜಾರ್ಜ್ ಐಸನ್‌ಮನ್ 1960ರ ದಶಕದ ಆರಂಭದಲ್ಲಿ, ನೀರಿನ ಸೆಳೆತ ಮತ್ತು ಎದುರಿನ ತಾಣದ ಸೆಳೆತ ಇವೆರಡರ ನಡುವಿನ ಪೈಪೋಟಿಯೇ ಆಯ್ಕೆಯನ್ನು ನಿರ್ಧರಿಸುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಸಿಯಾಟಲ್‌ನ ಬೆರ್ಟಿಲ್ ಹಿಲ್ಲೆ 1971ರಲ್ಲಿ ಬೇರೆ ಬೇರೆ ಆಕಾರದ ಅಯಾನ್‌ಗಳನ್ನು ಸೋಡಿಯಂ ಚಾನೆಲ್ಲಿಗೆ ಒಡ್ಡಿದರು. ಗ್ವಾನಿಡಿನಿಯಂ ಹಾಯಿತು, ಅದಕ್ಕಿಂತ ಸರಳವಾಗಿ ಕಾಣುವ ಮೀಥೈಲ್ ಅಮೋನಿಯಂ ಹಾಯಲಿಲ್ಲ. ಅದರಿಂದ ದಾರಿಯ ಅತಿ ಇಕ್ಕಟ್ಟಾದ ಭಾಗ 3ಕ್ಕೆ 5 ಆಂಗ್‌ಸ್ಟ್ರಾಮ್ ಎಂದೂ, ಅದರ ಅಂಚಿನಲ್ಲಿ ಆಮ್ಲಜನಕ ಪರಮಾಣುಗಳಿವೆ ಎಂದೂ ಊಹಿಸಿದರು. ಕ್ಲೇ ಆರ್ಮ್‌ಸ್ಟ್ರಾಂಗ್ ಮತ್ತು ಫ್ರಾನ್ಸಿಸ್ಕೋ ಬೆಜಾನಿಲಾ 1972ರಲ್ಲಿ ಪೊಟ್ಯಾಸಿಯಂ ದಾರಿಯ ಬಗ್ಗೆ ಇನ್ನೂ ಸ್ಪಷ್ಟವಾದ ಮಾತು ಹೇಳಿದರು: ಅಲ್ಲಿನ ಆಮ್ಲಜನಕಗಳು ಪೊಟ್ಯಾಸಿಯಂಗೆ ಸರಿಯಾಗಿ ತಾಗುವಷ್ಟು ದೂರದಲ್ಲಿ ನಿಂತಿವೆ, ಸೋಡಿಯಂ ಒಳಬಂದರೆ ಅದಕ್ಕೆ ಅವು ಎಟುಕುವುದಿಲ್ಲ, ಕಳೆದುಕೊಂಡ ನೀರಿನ ನಷ್ಟ ಅದಕ್ಕೆ ತುಂಬಿಬರುವುದಿಲ್ಲ. ಯಾರೂ ಆ ಪ್ರೋಟೀನನ್ನು ಕಂಡಿರಲಿಲ್ಲ. ಬರಿಯ ವಿದ್ಯುತ್ ಅಳತೆಯಿಂದ ಇಲ್ಲಿಯವರೆಗೆ ಬಂದ ಇವರ ಬುದ್ಧಿಬಲಕ್ಕೆ ನಾನು ತಲೆಬಾಗುತ್ತೇನೆ. ಕಾಲು ಶತಮಾನದ ನಂತರ ಬಂದ ಚಿತ್ರ ಅವರ ಊಹೆಯನ್ನು ಬಹುಪಾಲು ಎತ್ತಿಹಿಡಿಯಿತು.

ಈಗ ಚೇಳು ಪ್ರವೇಶಿಸುತ್ತದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಮಿಲ್ಲರ್ ಮತ್ತು ಸಂಗಡಿಗರು 1985ರಲ್ಲಿ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾಗಳ ಮರುಭೂಮಿಯ ಚೇಳಿನ ವಿಷದಲ್ಲಿ ಕ್ಯಾರಿಬ್ಡೊಟಾಕ್ಸಿನ್ ಎಂಬ ಅಂಶವನ್ನು ಕಂಡರು. 37 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್ ಅದು. ಪೊಟ್ಯಾಸಿಯಂ ಚಾನೆಲ್ಲಿನ ಹೊರಬಾಯಿಗೆ ಕೂತು ಹರಿವನ್ನು ನಿಲ್ಲಿಸುತ್ತಿತ್ತು. ಮಿಲ್ಲರ್ ಅವರ ಹಳೆಯ ವಿದ್ಯಾರ್ಥಿ ರೊಡೆರಿಕ್ ಮ್ಯಾಕಿನನ್ ಆಗ ವೈದ್ಯ. ವೈದ್ಯಶಾಸ್ತ್ರ ಕಲಿತು ಆಸ್ಪತ್ರೆಯಲ್ಲಿ ದುಡಿದು, ಮನಸ್ಸು ನಿಲ್ಲದೆ 1986ರಲ್ಲಿ ಮತ್ತೆ ಗುರುವಿನ ಪ್ರಯೋಗಾಲಯಕ್ಕೆ ಬಂದರು. ವಿಷದ ಬಿರಡೆಯನ್ನು ಪೊಟ್ಯಾಸಿಯಂ ಅಯಾನ್‌ಗಳು ಒಳಗಿನಿಂದ ತಳ್ಳಿ ಕಿತ್ತೆಸೆಯುತ್ತವೆ ಎಂಬುದನ್ನು ಗುರುಶಿಷ್ಯರು ತೋರಿಸಿದರು. ಹಾಗಿದ್ದರೆ ಬಿರಡೆ ಕೂತಿರುವುದು ಅಯಾನಿನ ದಾರಿಯ ಬಾಯಲ್ಲೇ. ಚೇಳಿನ ಪ್ರೋಟೀನಿನ 27ನೆಯ ಸ್ಥಾನದ ಲೈಸಿನ್ ತನ್ನ ಧನ ವಿದ್ಯುದಂಶವನ್ನು ಪೊಟ್ಯಾಸಿಯಂನ ಜಾಗಕ್ಕೇ ಚಾಚುತ್ತದೆ ಎಂಬುದು 1992ರ ಹೊತ್ತಿಗೆ ಮಿಲ್ಲರ್ ಅವರಿಗೆ ಖಚಿತವಾಯಿತು.

ಅದೇ ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಿಲಿ ಜಾನ್ ಮತ್ತು ಯುಹ್ ನುಂಗ್ ಜಾನ್ ದಂಪತಿಯ ಗುಂಪು 1987ರಲ್ಲಿ ಹಣ್ಣುನೊಣದ ಒಂದು ಜೀನನ್ನು ಬಿಡಿಸಿ ಓದಿತ್ತು. ಈಥರ್ ಕೊಟ್ಟಾಗ ಕಾಲು ನಡುಗಿಸುವ ನೊಣದ ತಳಿ ಅದು, ಹೆಸರು ಶೇಕರ್. ಅದು ಪೊಟ್ಯಾಸಿಯಂ ಚಾನೆಲ್ಲಿನ ಜೀನ್ ಎಂದು ತಿಳಿಯಿತು. ಪ್ರೋಟೀನಿನ ಅಕ್ಷರಮಾಲೆ ಕೈಗೆ ಸಿಕ್ಕಿತು, ಆದರೆ ಅದರ ಯಾವ ಭಾಗ ದಾರಿ, ಯಾವ ಭಾಗ ಗೋಡೆ ಎಂದು ಹೇಳುವವರಿರಲಿಲ್ಲ. ಮ್ಯಾಕಿನನ್ ಆ ಕೆಲಸಕ್ಕೆ ಚೇಳಿನ ವಿಷವನ್ನು ಬಳಸಿದರು. ಒಂದೊಂದೇ ಅಮೈನೋ ಆಮ್ಲವನ್ನು ಬದಲಿಸುವುದು, ವಿಷ ಆಗಲೂ ಅಂಟುತ್ತದೆಯೇ ಎಂದು ನೋಡುವುದು. ಅಂಟು ಸಡಿಲವಾದ ಕಡೆ ಬಾಯಿ ಇದೆ ಎಂದರ್ಥ. 1989ರಲ್ಲಿ ಮೊದಲ ಗುರುತು ಸಿಕ್ಕಿತು. ಅಲ್ಲಿಂದ ಒಳಮುಖವಾಗಿ ಹುಡುಕುತ್ತ ಹೋದವರಿಗೆ ಥ್ರಿಯೊನಿನ್, ವ್ಯಾಲಿನ್, ಗ್ಲೈಸಿನ್, ಟೈರೊಸಿನ್, ಗ್ಲೈಸಿನ್ ಎಂಬ ಐದು ಅಮೈನೋ ಆಮ್ಲಗಳ ಸಾಲು ಎದುರಾಯಿತು. ಅದರಲ್ಲಿ ಎರಡನ್ನು ತೆಗೆದರೆ ಸಾಕು, ಸೋಡಿಯಂ ಪೊಟ್ಯಾಸಿಯಂ ಎಂಬ ಭೇದವೇ ಅಳಿಸಿಹೋಗುತ್ತಿತ್ತು. ನೊಣ, ಇಲಿ, ಮನುಷ್ಯ, ಗಿಡ ಎಲ್ಲೆಡೆಯೂ ಪೊಟ್ಯಾಸಿಯಂ ಚಾನೆಲ್ಲಿನಲ್ಲಿ ಈ ಸಾಲು ಅಥವಾ ಇದರ ತೀರ ಹತ್ತಿರದ ರೂಪ ಇದೆ.

ನಮ್ಮ ಕೆಂಪು ಚೇಳಿನ ಹೆಸರೂ ಈ ಇತಿಹಾಸದಲ್ಲಿ ದಾಖಲಾಗಿದೆ. ಆಗ ಬ್ಯುಥಸ್ ಟಾಮ್ಯುಲಸ್ ಎಂದೂ ಈಗ ಹೊಟೆಂಟೊಟ್ಟಾ ಟಾಮ್ಯುಲಸ್ ಎಂದೂ ಕರೆಯುವ ಈ ಚೇಳಿನ ವಿಷದಿಂದ ಅಮೆರಿಕದ ಮರ್ಕ್ ಕಂಪನಿಯ ಸಂಶೋಧಕರು 1990ರಲ್ಲಿ ಐಬೆರಿಯೊಟಾಕ್ಸಿನ್ ಅನ್ನು ಬೇರ್ಪಡಿಸಿದರು. ಇದೂ 37 ಅಮೈನೋ ಆಮ್ಲಗಳದ್ದು, ಕ್ಯಾರಿಬ್ಡೊಟಾಕ್ಸಿನ್‌ನ ಹತ್ತಿರದ ಬಂಧು. ಆದರೆ ಅದಕ್ಕಿಂತ ಹೆಚ್ಚು ಆಯ್ದು ಹೊಡೆಯುತ್ತದೆ: ಕ್ಯಾಲ್ಸಿಯಂನಿಂದ ತೆರೆಯುವ, ಅತಿ ಹೆಚ್ಚು ಹರಿವಿನ ಪೊಟ್ಯಾಸಿಯಂ ಚಾನೆಲ್ಲನ್ನು ಮಾತ್ರ ಮುಚ್ಚುತ್ತದೆ. ರಕ್ತನಾಳದ ಗೋಡೆ ಸಡಿಲವಾಗುವುದರಲ್ಲಿ ಆ ಚಾನೆಲ್ಲಿನ ಪಾತ್ರವೇನೆಂದು ತಿಳಿಯಲು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಬಳಸುವುದು ಇದನ್ನೇ. 2002ರಲ್ಲಿ ಇದೇ ಚೇಳಿನಿಂದ ಟಮಾಪಿನ್ ಎಂಬ ಇನ್ನೊಂದು ಬಿರಡೆ ವರದಿಯಾಯಿತು. ನಮ್ಮ ಒಡ್ಡಿನ ಕಲ್ಲಿನಡಿಯ ಪ್ರಾಣಿ ಜೀವವಿಜ್ಞಾನಕ್ಕೆ ಇಷ್ಟು ಕೊಟ್ಟಿದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಬಾಯಿ ಸಿಕ್ಕಿತು, ಸಾಲು ಸಿಕ್ಕಿತು, ಆಕಾರ ಸಿಕ್ಕಿರಲಿಲ್ಲ. ಪರಮಾಣುಗಳು ಎಲ್ಲಿ ಕೂತಿವೆ ಎಂದು ನೋಡಲು ಪ್ರೋಟೀನನ್ನು ಹರಳುಗಟ್ಟಿಸಿ ಕ್ಷ-ಕಿರಣ ಹಾಯಿಸಬೇಕು. ಕೊಬ್ಬಿನ ಪೊರೆಯಲ್ಲಿ ಹುದುಗಿದ ಪ್ರೋಟೀನ್ ಸುಲಭಕ್ಕೆ ಹರಳಾಗುವುದಿಲ್ಲ. ಹಾರ್ವರ್ಡ್‌ನಲ್ಲಿ ನೆಲೆಯೂರಿದ್ದ ಮ್ಯಾಕಿನನ್ 1996ರಲ್ಲಿ ಅದನ್ನು ಬಿಟ್ಟು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಹೋಗಿ, ಹರಳು ಶಾಸ್ತ್ರವನ್ನು ಮೊದಲಿನಿಂದ ಕಲಿಯತೊಡಗಿದರು. ರಸಾಯನ ವಿಜ್ಞಾನಿಯಾದ ಪತ್ನಿ ಆಲಿಸ್ ಲೀ ಪ್ರಯೋಗಾಲಯದಲ್ಲಿ ಜೊತೆಯಾದರು. ಅವರಿಗೆ ನೆರವಾದದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾ. ಮೊದಲ ಮಳೆಗೆ ಒಣನೆಲದಿಂದ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್. ಆ ಕುಲದ ಸ್ಟ್ರೆಪ್ಟೊಮೈಸಿಸ್ ಲಿವಿಡನ್ಸ್‌ನಲ್ಲಿ ಪೊಟ್ಯಾಸಿಯಂ ಚಾನೆಲ್ ಇದೆಯೆಂದು ಜರ್ಮನಿಯ ಹಿಲ್ಡ್‌ಗುಂಡ್ ಶ್ರೆಂಫ್ ಗುಂಪು 1995ರಲ್ಲಿ ಕಂಡಿತ್ತು. ಅದಕ್ಕೆ ಕೆಸಿಎಸ್‌ಎ ಎಂದು ಹೆಸರು. ನರವಿಲ್ಲದ, ಮಿದುಳಿಲ್ಲದ ಜೀವಿಯ ಪ್ರೋಟೀನಿನಲ್ಲೂ ಅದೇ ಐದರ ಸಾಲು! ಬೇಕಾದಷ್ಟು ಪ್ರಮಾಣದಲ್ಲಿ ಬೆಳೆದು ತೆಗೆಯಬಹುದಾದ್ದರಿಂದ ಮ್ಯಾಕಿನನ್ ಇದನ್ನೇ ಆರಿಸಿಕೊಂಡರು.

1998ರ ಏಪ್ರಿಲ್ 3ರ ‘ಸೈನ್ಸ್’ ಪತ್ರಿಕೆಯಲ್ಲಿ ಡೆಕ್ಲನ್ ಡಾಯ್ಲ್, ಮ್ಯಾಕಿನನ್ ಮತ್ತು ಸಂಗಡಿಗರ ಲೇಖನ ಬಂತು. ಕಾರ್ನೆಲ್ ವಿಶ್ವವಿದ್ಯಾಲಯದ ಸಿಂಕ್ರೊಟ್ರಾನ್ ಕಿರಣಗಳಲ್ಲಿ 3.2 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪಡೆದ ಚಿತ್ರ. ಒಂದೇ ಬಗೆಯ ನಾಲ್ಕು ಪ್ರೋಟೀನ್ ಸರಪಣಿಗಳು ಸುತ್ತುಗಟ್ಟಿ ನಿಂತಿವೆ, ನಡುವೆ ದಾರಿ. ಕೋಶದ ಒಳಗಿನಿಂದ ಹೊರಟ ಅಯಾನಿಗೆ ಮೊದಲು ಸಿಗುವುದು ಪೊರೆಯ ಮಧ್ಯದಲ್ಲಿ ನೀರು ತುಂಬಿದ, ಸುಮಾರು 10 ಆಂಗ್‌ಸ್ಟ್ರಾಮ್ ಅಗಲದ ಪೊಳ್ಳು. ಅಲ್ಲಿ ಅದು ನೀರಿನೊಂದಿಗೇ ನಿಲ್ಲಬಹುದು. ಅದರಾಚೆ ಹೊರಬಾಯಿಯವರೆಗೆ 12 ಆಂಗ್‌ಸ್ಟ್ರಾಮ್ ಉದ್ದದ ಇಕ್ಕಟ್ಟಾದ ಓಣಿ. ಅದೇ ಸೋಸುವ ಭಾಗ, ಐದರ ಸಾಲು ಇರುವುದು ಅಲ್ಲೇ. ನಾಲ್ಕೂ ಸರಪಣಿಗಳ ಬೆನ್ನಿನ ಆಮ್ಲಜನಕಗಳು ಓಣಿಯ ಕಡೆಗೇ ಮುಖಮಾಡಿ ಮಹಡಿ ಮಹಡಿಯಾಗಿ ನಿಂತಿವೆ. ಪೊಟ್ಯಾಸಿಯಂ ಬದಲು ರುಬಿಡಿಯಂ, ಸೀಸಿಯಂ ಹಾಕಿ ಮತ್ತೆ ಚಿತ್ರ ತೆಗೆದು, ಅಯಾನ್ ಎಲ್ಲಿ ಕೂರುತ್ತದೆ ಎಂಬುದನ್ನೂ ಅವರು ಗುರುತಿಸಿದರು. ಅದೇ ಸಂಚಿಕೆಯ ಜೊತೆ ಲೇಖನ ನನಗೆ ವಿಶೇಷವಾಗಿ ಪ್ರಿಯ. ಬ್ಯಾಕ್ಟೀರಿಯಾದ ಚಾನೆಲ್ ಪ್ರಾಣಿಗಳ ಚಾನೆಲ್ಲಿನಂತೆಯೇ ಇದೆ ಎಂದು ನಂಬುವುದು ಹೇಗೆ? ಅದರ ಹೊರಬಾಯಿಯ ಮೂರು ಅಮೈನೋ ಆಮ್ಲಗಳನ್ನು ಶೇಕರ್‌ನಂತೆ ಬದಲಿಸಿ ಚೇಳಿನ ವಿಷ ಹಾಕಿದರು. ವಿಷ ಗಟ್ಟಿಯಾಗಿ ಅಂಟಿಕೊಂಡಿತು. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಪ್ರಾಣಿಯ ನರವನ್ನು ಹಿಡಿಯಲು ರೂಪುಗೊಂಡ ಪ್ರೋಟೀನ್ ಮಣ್ಣಿನ ಬ್ಯಾಕ್ಟೀರಿಯಾದ ಬಾಗಿಲನ್ನೂ ಗುರುತು ಹಿಡಿಯಿತು.

2001ರಲ್ಲಿ ಯುಫೆಂಗ್ ಝೌ ಮತ್ತಿತರರು 2.0 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಚಿತ್ರ ಕೊಟ್ಟಾಗ ಒಗಟು ಬಿಡಿಸಿದಂತಾಯಿತು. ಓಣಿಯಲ್ಲಿ ನಾಲ್ಕು ತಾಣಗಳಿವೆ. ಪ್ರತಿ ತಾಣದಲ್ಲೂ ಪೊಟ್ಯಾಸಿಯಂ ಸುತ್ತ ಎಂಟು ಆಮ್ಲಜನಕ, ಮೇಲೆ ನಾಲ್ಕು, ಕೆಳಗೆ ನಾಲ್ಕು. ಕೆಳಗಿನ ಪೊಳ್ಳಿನಲ್ಲಿ ನೀರಿನ ಎಂಟು ಅಣುಗಳು ಅದೇ ಅಯಾನನ್ನು ಹೇಗೆ ಸುತ್ತುವರಿದಿದ್ದವೋ ಓಣಿಯ ಆಮ್ಲಜನಕಗಳೂ ಹೆಚ್ಚುಕಡಿಮೆ ಹಾಗೆಯೇ, ಸುಮಾರು 2.8 ಆಂಗ್‌ಸ್ಟ್ರಾಮ್ ದೂರದಲ್ಲಿ ಸುತ್ತುವರಿಯುತ್ತವೆ. ನೀರನ್ನು ಬಿಟ್ಟ ನಷ್ಟ ಪೊಟ್ಯಾಸಿಯಂಗೆ ತಟ್ಟುವುದೇ ಇಲ್ಲ. ಸೋಡಿಯಂಗೆ ಬೇಕಾದ್ದು ಇನ್ನೂ ಹತ್ತಿರದ, ಸುಮಾರು 2.4 ಆಂಗ್‌ಸ್ಟ್ರಾಮ್ ದೂರದ ಆಮ್ಲಜನಕ. ಓಣಿ ಅಷ್ಟು ಕುಗ್ಗಿ ಅದನ್ನು ಹಿಡಿಯುವುದಿಲ್ಲವಾದ್ದರಿಂದ ಸೋಡಿಯಂ ತನ್ನ ನೀರಿನೊಂದಿಗೆ ಹೊರಗೇ ಉಳಿಯುತ್ತದೆ. ವೇಗದ ಗುಟ್ಟೂ ಅಲ್ಲೇ ಇದೆ. ಈ ಚಿತ್ರದ ಪ್ರಕಾರ ಓಣಿಯಲ್ಲಿ ಒಮ್ಮೆಗೆ ಎರಡು ಪೊಟ್ಯಾಸಿಯಂ, ನಡುನಡುವೆ ನೀರಿನ ಅಣು. ಎರಡೂ ಧನ ವಿದ್ಯುದಂಶವಾದ್ದರಿಂದ ಒಂದನ್ನೊಂದು ದೂಡುತ್ತವೆ. ಕೆಳಗಿನಿಂದ ಮೂರನೆಯದು ಬಂದು ಸೇರುತ್ತಲೇ ಮೇಲಿನದು ಹೊರಬೀಳುತ್ತದೆ. ಗಟ್ಟಿಯಾಗಿ ಹಿಡಿಯುವ ತಾಣವೇ ಬೇಗ ಬಿಟ್ಟುಕೊಡುವುದು ಹೀಗೆ. 2003ರ ರಸಾಯನ ವಿಜ್ಞಾನದ ನೊಬೆಲ್ ಮ್ಯಾಕಿನನ್ ಮತ್ತು ನೀರಿನ ಚಾನೆಲ್ ಕಂಡ ಪೀಟರ್ ಆಗ್ರೆ ಇಬ್ಬರಿಗೂ ಸಂದಿತು. ಮೊದಲ ಚಿತ್ರ ಬಂದು ಐದೇ ವರ್ಷ ಆಗಿತ್ತು.

ಈ ಕಥೆಗೆ ಬೆಂಗಳೂರಿನ ಎಳೆಯೊಂದಿದೆ. ಸ್ಟ್ರೆಪ್ಟೊಮೈಸಿಸ್ ಕುಲವೇ ಕೊಟ್ಟ ವ್ಯಾಲಿನೊಮೈಸಿನ್ ಎಂಬ ಉಂಗುರಾಕಾರದ ಅಣು ಆರು ಆಮ್ಲಜನಕಗಳಿಂದ ಪೊಟ್ಯಾಸಿಯಂ ಅನ್ನು ಅಪ್ಪಿ ಹಿಡಿಯುತ್ತದೆ, ಸೋಡಿಯಂ ಅನ್ನು ಬಹುತೇಕ ಕಡೆಗಣಿಸುತ್ತದೆ. ಚಾನೆಲ್ಲಿನ ಚಿತ್ರ ಸಿಗುವ ಎಷ್ಟೋ ಮೊದಲು ಆಯ್ಕೆಯ ತತ್ವವನ್ನು ಕಣ್ಣಿಗೆ ಕಾಣುವಂತೆ ತೋರಿದ ಅಣು ಅದು. ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ಕೆ. ಆರ್. ಕೆ. ಈಶ್ವರನ್ ಮತ್ತು ಅವರ ವಿದ್ಯಾರ್ಥಿಗಳು ಅದು ಬೇರೆ ಬೇರೆ ಲೋಹದ ಅಯಾನ್‌ಗಳೊಂದಿಗೆ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅದೇ ವಿಭಾಗದ ಪಿ. ಬಲರಾಂ ಪೊರೆಯಲ್ಲಿ ರಂಧ್ರ ಕೊರೆಯುವ ಪೆಪ್ಟೈಡ್‌ಗಳ ರಚನೆಯ ಮೇಲೆ ದುಡಿದರು.

ಆ ವಿಭಾಗವನ್ನು 1971ರ ಹೊತ್ತಿಗೆ ಕಟ್ಟಿದವರು ಜಿ. ಎನ್. ರಾಮಚಂದ್ರನ್. ಅವರು ಮದ್ರಾಸಿನಲ್ಲಿದ್ದಾಗ 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಪ್ರಕಟಿಸಿದ ನಕ್ಷೆ ಪ್ರೋಟೀನ್ ಸರಪಣಿ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂಬುದನ್ನು ಹೇಳುತ್ತದೆ. ಆ ನಕ್ಷೆಯಲ್ಲಿ ಎಡಸುರುಳಿಯ ಪ್ರದೇಶಕ್ಕೆ ಸಲೀಸಾಗಿ ಕಾಲಿಡಬಲ್ಲದ್ದು ಪಕ್ಕದ ಗುಂಪೇ ಇಲ್ಲದ ಗ್ಲೈಸಿನ್. ಸಾಮಾನ್ಯ ಸರಪಣಿಯಲ್ಲಿ ಆಮ್ಲಜನಕಗಳೆಲ್ಲ ಓಣಿಯ ಒಂದೇ ಕಡೆಗೆ ಮುಖ ಮಾಡುವುದಿಲ್ಲ. ಅವೆಲ್ಲ ಪೊಟ್ಯಾಸಿಯಂನತ್ತ ತಿರುಗಬೇಕಾದರೆ ಸರಪಣಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೊರಳಬೇಕು, ಎಡಕ್ಕೆ ಹೊರಳುವ ಜಾಗದಲ್ಲಿ ಗ್ಲೈಸಿನ್ ಬೇಕು. ಐದರ ಸಾಲಿನಲ್ಲಿ ಎರಡು ಗ್ಲೈಸಿನ್ ಇರುವುದು ಇದಕ್ಕಾಗಿ. 2004ರಲ್ಲಿ ಫ್ರಾನ್ಸಿಸ್ ವಲಿಯವೀಟಿಲ್, ಮ್ಯಾಕಿನನ್ ಮತ್ತಿತರರು ಒಂದು ಗ್ಲೈಸಿನ್ ತೆಗೆದು ಅಲ್ಲಿ ಅಲನಿನ್‌ನ ಕನ್ನಡಿಬಿಂಬ ರೂಪವನ್ನು ಕೂರಿಸಿದರು. ಪ್ರಕೃತಿಯ ಪ್ರೋಟೀನಿನಲ್ಲಿ ಬಳಕೆಯಿಲ್ಲದ, ಎಡಕ್ಕೆ ಹೊರಳಬಲ್ಲ ರೂಪ ಅದು. ಚಾನೆಲ್ ಕೆಲಸ ಮಾಡಿತು. ಮದ್ರಾಸಿನಲ್ಲಿ ಕೈಲೆಕ್ಕದಿಂದ ಬರೆದ ನಕ್ಷೆ 41 ವರ್ಷಗಳ ನಂತರ ಪೊಟ್ಯಾಸಿಯಂ ಬಾಗಿಲಿನ ಕೀಲನ್ನು ವಿವರಿಸಿತು. ರಾಮಚಂದ್ರನ್ 2001ರಲ್ಲಿ ತೀರಿಕೊಂಡಿದ್ದರು. ನೊಬೆಲ್ ಅವರಿಗೆ ಬರಬೇಕಿತ್ತು ಎಂದು ಹೇಳುವವರ ಸಾಲಿನಲ್ಲಿ ನಾನೂ ಇದ್ದೇನೆ.

ಸೋಡಿಯಂ ಮತ್ತು ಕ್ಯಾಲ್ಸಿಯಂ ಬಾಗಿಲುಗಳ ವಿನ್ಯಾಸ ಬೇರೆ. ಕ್ಯೋಟೋದ ಶೋಸಾಕು ನೂಮಾ ಗುಂಪು 1984ರಲ್ಲಿ ಎಲೆಕ್ಟ್ರಿಕ್ ಈಲ್ ಮೀನಿನ ಸೋಡಿಯಂ ಚಾನೆಲ್ಲಿನ ಅಕ್ಷರಮಾಲೆ ಓದಿತು. ನಮ್ಮ ಸೋಡಿಯಂ ಚಾನೆಲ್ಲಿನ ಇಕ್ಕಟ್ಟಿನಲ್ಲಿ ಸುತ್ತ ನಾಲ್ಕು ಅಮೈನೋ ಆಮ್ಲಗಳಿವೆ: ಆಸ್ಪಾರ್ಟೇಟ್, ಗ್ಲುಟಮೇಟ್, ಲೈಸಿನ್, ಅಲನಿನ್. ಕ್ಯಾಲ್ಸಿಯಂ ಚಾನೆಲ್ಲಿನಲ್ಲಿ ನಾಲ್ಕೂ ಗ್ಲುಟಮೇಟ್. ನೂಮಾ ಮತ್ತು ಸ್ಟೆಫಾನ್ ಹೈನೆಮನ್ ಮುಂತಾದವರು 1992ರಲ್ಲಿ ಸೋಡಿಯಂ ಚಾನೆಲ್ಲಿನ ಲೈಸಿನ್ ಮತ್ತು ಅಲನಿನ್ ತೆಗೆದು ಗ್ಲುಟಮೇಟ್ ಹಾಕಿದಾಗ ಅದು ಕ್ಯಾಲ್ಸಿಯಂ ಚಾನೆಲ್ಲಿನ ಗುಣ ತಾಳಿತು. ಸುಮಾರು 2000 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ ಎರಡರ ಬದಲಾವಣೆ! 2011ರಲ್ಲಿ ವಿಲಿಯಂ ಕ್ಯಾಟೆರಾಲ್ ಅವರ ಗುಂಪು ಬ್ಯಾಕ್ಟೀರಿಯಾದ ಸೋಡಿಯಂ ಚಾನೆಲ್ಲಿನ ಚಿತ್ರ ಕೊಟ್ಟಿತು. ಅದರ ಓಣಿ ಪೊಟ್ಯಾಸಿಯಂ ಓಣಿಗಿಂತ ಗಿಡ್ಡ, ಅಗಲ. ಸೋಡಿಯಂ ಅಲ್ಲಿ ತನ್ನ ನೀರನ್ನು ಪೂರ್ತಿ ಬಿಡದೆಯೇ ಹಾಯುತ್ತದೆ.

ಎಲ್ಲ ತೀರ್ಮಾನವಾಗಿಲ್ಲ. ಪ್ರೋಟೀನ್ ಕಲ್ಲಿನಂತೆ ಅಲುಗಾಡದೆ ನಿಂತಿಲ್ಲ, ಸದಾ ಕಂಪಿಸುತ್ತಿರುತ್ತದೆ. ಹಾಗಿದ್ದಮೇಲೆ ಅರ್ಧ ಆಂಗ್‌ಸ್ಟ್ರಾಮಿಗೂ ಕಡಿಮೆ ವ್ಯತ್ಯಾಸವನ್ನು ಬರಿಯ ಅಳತೆಯಿಂದ ಕಾಯುವುದು ಹೇಗೆ ಎಂದು ಬೆನುವಾ ರೂ ಮತ್ತಿತರರು 2004ರಲ್ಲಿ ಕೇಳಿದರು. ಆಮ್ಲಜನಕಗಳು ತಮ್ಮತಮ್ಮಲ್ಲೇ ದೂಡಿಕೊಳ್ಳುವುದರಿಂದ ಪೊಟ್ಯಾಸಿಯಂಗೆ ಅನುಕೂಲವಾಗುತ್ತದೆಂಬುದು ಅವರ ವಾದ. 2014ರಲ್ಲಿ ಬೆರ್ಟ್ ಡಿ ಗ್ರೂಟ್ ಗುಂಪು ಇನ್ನೂ ಮುಂದೆ ಹೋಗಿ, ಅಯಾನ್‌ಗಳು ನಡುವೆ ನೀರಿಲ್ಲದೆ ನೇರ ಒಂದಕ್ಕೊಂದು ತಾಗಿಯೇ ಹಾಯುತ್ತವೆಂದು ಕಂಪ್ಯೂಟರ್ ಲೆಕ್ಕದಿಂದ ಪ್ರತಿಪಾದಿಸಿತು. ವಾದ ಇನ್ನೂ ನಡೆದಿದೆ. ರಚನೆಯೇ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಮತವಿಲ್ಲ.

ಹಿಂಗಾರಿ ಜೋಳ ಬರದಲ್ಲಿ ಬದುಕುವುದರಲ್ಲೂ ಈ ಬಾಗಿಲಿನ ಪಾಲಿದೆ. ಗಿಡಗಳ ಪೊಟ್ಯಾಸಿಯಂ ಚಾನೆಲ್ಲುಗಳು 1992ರಲ್ಲಿ ಮೊದಲು ಬೆಳಕಿಗೆ ಬಂದವು. ಎಲೆಯ ಉಸಿರುರಂಧ್ರದ ಎರಡು ಪಕ್ಕದ ಕೋಶಗಳು ಪೊಟ್ಯಾಸಿಯಂ ತುಂಬಿಕೊಂಡಾಗ ಉಬ್ಬಿ ರಂಧ್ರ ತೆರೆಯುತ್ತದೆ, ಅದನ್ನು ಹೊರಬಿಟ್ಟಾಗ ರಂಧ್ರ ಮುಚ್ಚಿ ನೀರು ಉಳಿಯುತ್ತದೆ. ಇದೇ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ ಅತಿ ನೀರುಣಿಸಿ ನೆಲ ಸವಳಾಗಿರುವಲ್ಲಿ ಬೆಳೆ ಸೋಲುವುದಕ್ಕೂ ಸೋಡಿಯಂ ಪೊಟ್ಯಾಸಿಯಂಗಳ ಜಗಳವೇ ಒಂದು ಕಾರಣ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಎಂ. ಕೆ. ಮ್ಯಾಥ್ಯೂ ಮತ್ತು ಸಂಗಡಿಗರು ಕೇರಳದ ಉಪ್ಪುನೀರಿನ ಪೊಕ್ಕಾಳಿ ಭತ್ತ ಸೋಡಿಯಂ ಅನ್ನು ಹೇಗೆ ನಿಭಾಯಿಸುತ್ತದೆ ಎಂದು ಅಧ್ಯಯನ ಮಾಡಿದ್ದಾರೆ.

ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ಮ್ಯಾಕಿನನ್ ಗುಂಪು ಬಿಡಿಸಿದ ಚಿತ್ರಗಳನ್ನು ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. 1998ರ ಚಿತ್ರದ ಗುರುತು ಸಂಖ್ಯೆ 1ಬಿಎಲ್8, 2001ರದು 1ಕೆ4ಸಿ. ಮೊಬೈಲಿನಲ್ಲಿ ತೆರೆದು ಬೆರಳಿನಿಂದ ತಿರುಗಿಸಿದರೆ ನಾಲ್ಕು ಸರಪಣಿ, ನಡುವಿನ ಓಣಿ, ಅದರೊಳಗೆ ಸಾಲಾಗಿ ಕೂತ ಪೊಟ್ಯಾಸಿಯಂ ಅಯಾನ್‌ಗಳು ಕಾಣುತ್ತವೆ. ಒಂದು ಪಾಠದ ಹೊತ್ತು ಮಕ್ಕಳಿಗೆ ಅದನ್ನು ತೋರಿಸಿ.